ಬೆಳಗಾವಿ ಸೀಮೆಯ ಜಲಶಕ್ತಿಯೂ ಉದ್ದಿಮೆಗೆ ದೊರೆತ ಆಶ್ರಯವೂ

೧

ನೀರು, ಗಾಳಿ, ಬಿಸಿಲು ಇವುಗಳಿಂದ ಶಕ್ತಿಯನ್ನು ಪಡೆದು ನಡೆಯುವ ಉದ್ದಿಮೆಗಳಿಗೆ ರಾಜ್ಯವು ಆಶ್ರಯವನ್ನೀಯಬೇಕು, ದೇಶದ ಸಂಪತ್ತು ಬಾಳಿಕೆಯಾಗಿ ಬೆಳೆಯುವುದಕ್ಕೆ ಇದೇ ಮಾರ್ಗವು, ಎಂಬ ವಾದವು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಲಿದೆ. ಇದು ತೀರ ಹೊಸ ವಿಚಾರವೆಂದೂ, ಪಶ್ಚಿಮ ದೇಶಗಳಿಂದ ನಮಗೆ ಬಂದುದೆಂದೂ ಅನೇಕರು ಭಾವಿಸಿರುವರು. ಕರ್ಣಾಟಕದ ಮಟ್ಟಿಗೆ ಈ ಭಾವನೆಯು ಸರಿಯಾದುದಲ್ಲ. ಹೊಗೆಯಿಲ್ಲದ ಶಕ್ತಿಯಿಂದ ಗಿರಣಿಗಳನ್ನೂ ಗಣಿಗಳನ್ನೂ ನಡೆಯಿಸಿದ ಅನುಭವವು ನಮ್ಮ ನಾಡಿಗೆ ನೂರಮೂವತ್ತು ವರ್ಷಗಳಿಗೂ ಮಿಕ್ಕಿ ಇದೆ. ಅಂತಹ ಉದ್ದಿಮೆಗೆ ಯಾರು, ಯಾವ ರೂಪದಲ್ಲಿ, ಯಾವ ಕರಾರಿನ ಮೇಲೆ ಆಶ್ರಯವನ್ನು ಕೊಟ್ಟರು. ಅದರ ಫಲವು ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದನ್ನು ಬೆಳಗಾವಿ ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಈ ವಿಚಾರಕ್ಕೆ ಬೆಳಗಾವಿ ಸೀಮೆಯನ್ನು, ಅದರಲ್ಲಿಯೂ ಖಾನಾಪುರ ತಾಲ್ಲೂಕನ್ನು, ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಖಾನಾಪುರವು ಸಹ್ಯಾದ್ರಿಯ ನೆತ್ತಿಯ ಮೇಲಿರುವ ಸೀಮೆ. ಇಲ್ಲಿಯ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯು ಪಡುವಲಿಗೆ ಇಳಿದು ಗೋವೆಯಲ್ಲಿ ಮಾಂಡವಿಯೆಂಬ ಹೆಸರನ್ನು ಪಡೆದು ಸಮುದ್ರವನ್ನು ಸೇರುವಳು. ಹೀಗೆ ಒಂದೇ ತಾಲ್ಲೂಕು ಎರಡು ದಿಕ್ಕುಗಳಿಗೆ ನೀರನ್ನು ಹಂಚುತ್ತಲಿದೆ. ಈ ತಾಲ್ಲೂಕಿನ ಹಲಸಿಯೇ ಶಾಸನಗಳಲ್ಲಿ ಕಾಣುವ ಪಲಾಶಿಕೆ. ಕದಂಬರ ತಾಮ್ರಪಟಗಳಿಂದ ಇತಿಹಾಸಜ್ಞರಿಗೆ ಚಿರಪರಿಚಿತವಾದ ಊರು. ಅಂದರೆ, ನೀರಿನ ಮೂಲವೂ ದತ್ತಿಶಾಸನಗಳ ಪರಂಪರೆಯೂ ಇಲ್ಲಿ ಒಂದೇ ನೆಲದಲ್ಲಿ ಕೂಡಿವೆ.

೨

ಉದ್ದಿಮೆಗೆ ಆಶ್ರಯ ಕೊಡುವುದೆಂದರೇನೆಂಬುದನ್ನು ನಮ್ಮ ಶಾಸನಗಳು ತಕ್ಕಷ್ಟು ಸ್ಪಷ್ಟವಾಗಿಯೇ ಹೇಳಿವೆ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಕೆರೆಯನ್ನು ತಿದ್ದಿಸಿದವನಿಗೆ ಬಿಟ್ಟುಕೊಟ್ಟ ಭೂಮಿಗೆ ಕಟ್ಟುಕೊಡಗೆಯೆಂದು ಹೆಸರು. ಕೆರೆಯ ಉತ್ಪನ್ನದಲ್ಲಿಯೋ ಅದರ ಕೆಳಗಣ ಭೂಮಿಯಲ್ಲಿಯೋ ಹತ್ತರಲ್ಲಿ ಒಂದು ಪಾಲನ್ನು ಕಟ್ಟಿಸಿದವನಿಗೆ ಕೊಡುವುದು ದಸವಂದ. ಕೆರೆಯು ವರ್ಷವರ್ಷವೂ ಸುಸ್ಥಿತಿಯಲ್ಲಿರಬೇಕೆಂದು ಅದರ ರಕ್ಷಣೆಗಾಗಿ ತೆಗೆದಿಟ್ಟ ಭೂಮಿಯೋ ಪಾಲೋ ಬಿತ್ತುವಟ್ಟ. ಈ ಮೂರು ಶಬ್ದಗಳನ್ನು ಶಾಸನಶಬ್ದಕೋಶದ ವಿಷಯವೆಂದು ಮಾತ್ರ ತಿಳಿದು ಸುಮ್ಮನಾಗುವುದು ಉಚಿತವಲ್ಲ. ಅವುಗಳ ಹಿಂದೆ ಒಂದು ಅರ್ಥನೀತಿಯಿದೆ. ಬಂಡವಾಳವನ್ನು ಹೂಡಿದವನಿಗೆ ಪ್ರತಿಫಲವಿರಬೇಕು. ಆ ಪ್ರತಿಫಲಕ್ಕೆ ಮಿತಿಯಿರಬೇಕು. ಕಟ್ಟಿದುದು ಉಳಿಯುವುದಕ್ಕೆ ಬೇರೆಯೇ ಆದಾಯವನ್ನು ಮೊದಲೇ ಗೊತ್ತುಮಾಡಿರಬೇಕು. ಹತ್ತರಲ್ಲಿ ಒಂದು ಕಟ್ಟಿಸಿದವನದಾದರೆ ಉಳಿದ ಒಂಬತ್ತು ಕೆರೆಯ ಕೆಳಗಣ ಊರಿನದು ಎಂಬುದು ಇದರಲ್ಲಿ ಅಡಗಿರುವ ನಿಯಮ.

ಮುಂದಿನ ಮೂರು ದೃಷ್ಟಾಂತಗಳನ್ನು ಈ ಹಳೆಯ ಒರೆಗಲ್ಲಿಗೆ ಹಚ್ಚಿ ನೋಡುವೆವು.

೩

ಮೊದಲನೆಯದು ಗೋಕಾವಿಯ ಗಿರಣಿ. ಘಟಪ್ರಭೆಯು ಗೋಕಾವಿಯ ಹತ್ತಿರ ಮರಳುಗಲ್ಲಿನ ಅಂಚಿನಿಂದ ಸುಮಾರು ೧೭೦ ಅಡಿ ಕೆಳಕ್ಕೆ ಧುಮುಕುವುದು ಲೋಕಪ್ರಸಿದ್ಧವಾದ ಸಂಗತಿ. ಈ ಧುಮುಕುವ ನೀರನ್ನು ದುಡಿಮೆಗೆ ಹಚ್ಚಬೇಕೆಂಬ ಉದ್ದೇಶದಿಂದ ೧೮೮೫ರಲ್ಲಿ ಗೋಕಾಕ್ ವಾಟರ್ ಪವರ್ ಆಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪಿತವಾಯಿತು. ಕಂಪನಿಯ ಹೆಸರಿನಲ್ಲಿ ಜಲಶಕ್ತಿಯೇ ಮೊದಲು, ಬಟ್ಟೆನೂಲುಗಳ ತಯಾರಿಕೆಯು ಆಮೇಲೆ ಬಂದಿರುವುದನ್ನು ಗಮನಿಸತಕ್ಕದ್ದು. ೧೮೮೭ರಲ್ಲಿ ಗಿರಣಿಯು ಕೆಲಸಕ್ಕೆ ತೊಡಗಿತು.

ಆ ಕಾಲದ ಸ್ಥಿತಿಯನ್ನು ನೆನೆದರೆ ಈ ಸಾಹಸದ ಅರ್ಥವು ತಿಳಿಯುವುದು. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, ಎಂದರೆ ೧೮೬೧ರಿಂದ ೧೮೬೫ರ ವರೆಗೆ, ಧಾರವಾಡ ಬೆಳಗಾವಿ ಸೀಮೆಗಳ ಹತ್ತಿಗೆ ಬಹಳ ಬೇಡಿಕೆಯುಂಟಾಗಿ, ಎರೆಭೂಮಿಯ ರೈತರು ಹತ್ತಿಯ ಬೆಳೆಗೆ ಒಲಿದಿದ್ದರು. ಹತ್ತಿಯು ಇಲ್ಲಿಯದಾದರೂ ಅದನ್ನು ನೂಲುವ ಯಂತ್ರಗಳು ಮುಂಬಯಿಯಲ್ಲಿಯೋ ಲಂಕಾಶಯರಿನಲ್ಲಿಯೋ ಇದ್ದವು. ಈ ಸೀಮೆಯಲ್ಲಿ ಗಿರಣಿಗಳು ಏಳದಿರುವುದಕ್ಕೆ ಮುಖ್ಯ ಕಾರಣವು ಇಂಧನದ ಅಭಾವ. ಇಲ್ಲಿ ಕಲ್ಲಿದ್ದಲಿಲ್ಲ. ದೂರದಿಂದ ತರಿಸಿದ ಕಲ್ಲಿದ್ದಲಿಗೆ ಸಾಗಣೆಯ ವೆಚ್ಚವೇ ಮಿಗಿಲಾಗುತ್ತಿತ್ತು. ಕಟ್ಟಿಗೆಯನ್ನು ಸುಟ್ಟರೆ ಖಾನಾಪುರದ ಕಾಡೇ ತೀರಿಹೋಗುತ್ತಿತ್ತು. ಆದುದರಿಂದ ಗೋಕಾವಿಯಲ್ಲಿ ನೀರನ್ನು ದುಡಿಸಿದುದು ನಿಸರ್ಗಪ್ರೇಮದಿಂದಲ್ಲ, ಲೆಕ್ಕಾಚಾರದಿಂದ. ನಿರ್ಮಲವಾದ ಶಕ್ತಿಯು ಅಗ್ಗವೂ ಆದಾಗಲೇ ಉದ್ದಿಮೆಗಾರನು ಅದರ ಕಡೆಗೆ ತಿರುಗುವನೆಂಬ ಸಾಮಾನ್ಯ ನಿಯಮಕ್ಕೆ ಇದೊಂದು ಹಳೆಯ ಸಾಕ್ಷಿ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯವಾಗಿದೆ. ಭಾರತದಲ್ಲಿ ಮೊತ್ತಮೊದಲು ವಿದ್ಯುಚ್ಛಕ್ತಿಯು ಉತ್ಪನ್ನವಾದುದು ೧೮೮೭ರಲ್ಲಿ ಗೋಕಾವಿಯಲ್ಲಿಯೇ ಎಂಬ ಮಾತು ಪುಸ್ತಕಗಳಲ್ಲಿಯೂ ಪ್ರವಾಸಿಗರ ಕೈಪಿಡಿಗಳಲ್ಲಿಯೂ ಪ್ರಚಾರದಲ್ಲಿದೆ. ಜಲಶಕ್ತಿ, ವಿದ್ಯುಚ್ಛಕ್ತಿ ಎಂಬ ಎರಡು ಬೇರೆ ಸಂಗತಿಗಳನ್ನು ಈ ಮಾತು ಒಂದುಗೂಡಿಸಿದೆ. ಗೋಕಾವಿಯಲ್ಲಿ ಮೊದಲು ಕದಿರುಗಳನ್ನು ತಿರುಗಿಸಿದುದು ವಿದ್ಯುತ್ತಲ್ಲ. ಕಣಿವೆಯ ಅಡಿಯಲ್ಲಿ ನೀರಿನ ಹೊಡೆತದಿಂದ ಟರ್ಬೈನುಗಳು ತಿರುಗುತ್ತಿದ್ದವು. ಆ ತಿರುಗಾಟವನ್ನು ತಂತಿಯ ಹಗ್ಗಗಳ ಮೂಲಕ ಬಂಡೆಯ ಮೇಲಿದ್ದ ಗಿರಣಿಗೆ ಏರಿಸಲಾಗುತ್ತಿತ್ತು. ಆ ಕಾಲದ ಯಂತ್ರಶಾಸ್ತ್ರಜ್ಞರು ಹಗ್ಗದಿಂದ ಶಕ್ತಿಯನ್ನು ದೂರಕ್ಕೆ ಸಾಗಿಸುವ ಪದ್ಧತಿಗೆ ಯುರೋಪಿನ ಉದಾಹರಣೆಗಳ ಜತೆಗೆ ಗೋಕಾವಿಯನ್ನೂ ಹೆಸರಿಸುತ್ತಿದ್ದರು. ಸಾರ್ವಜನಿಕ ಉಪಯೋಗಕ್ಕಾಗಿ ಜಲವಿದ್ಯುತ್ತನ್ನು ಮೊದಲು ಒದಗಿಸಿದ ಕೀರ್ತಿಯು ೧೮೯೭ರ ನವೆಂಬರಿನಲ್ಲಿ ಕೆಲಸಕ್ಕೆ ತೊಡಗಿದ ದಾರ್ಜಿಲಿಂಗಿನ ಸಿದ್ರಾಪೊಂಗ್ ಕೇಂದ್ರಕ್ಕೆ ಸಲ್ಲತಕ್ಕದ್ದು. ಇದರಿಂದ ಗೋಕಾವಿಯ ಮಹತ್ತ್ವವು ಕುಂದುವುದಿಲ್ಲ. ದೊಡ್ಡದೊಂದು ಗಿರಣಿಯನ್ನು ನೀರಿನ ಬಲದ ಮೇಲೆಯೇ ನಡೆಯಿಸಬಹುದೆಂದು ಅದು ತೋರಿಸಿಕೊಟ್ಟ ಇಪ್ಪತ್ತೆಂಟು ವರ್ಷಗಳ ಮೇಲೆ, ೧೯೧೫ರಲ್ಲಿ, ಟಾಟಾ ಅವರ ಖೋಪೋಲಿಯ ಕೇಂದ್ರದಿಂದ ಮುಂಬಯಿಯ ಗಿರಣಿಗಳಿಗೆ ಜಲಶಕ್ತಿಯು ಮುಟ್ಟಿತು.

ಗೋಕಾವಿಗೆ ದೊರೆತ ಆಶ್ರಯವು ಯಾವುದು? ನದಿಯ ನೀರನ್ನು ಉಪಯೋಗಿಸುವ ಹಕ್ಕೇ ಮೊದಲನೆಯ ಆಶ್ರಯ. ಬೇಸಗೆಯಲ್ಲಿ ಸೊರಗುವ ನದಿಯನ್ನು ನಂಬಿ ಗಿರಣಿಯನ್ನು ಕಟ್ಟುವುದು ಸಾಧ್ಯವಿಲ್ಲದುದರಿಂದ, ಜಲಪಾತದ ಮೇಲುಗಡೆ ಧೂಪದಾಳದಲ್ಲಿ ಸರ್ಕಾರವು ನೀರಾವರಿಗಾಗಿ ಕಟ್ಟಿಸಿದ ಒಡ್ಡು ಗಿರಣಿಗೂ ಪ್ರಯೋಜನಕರವಾಯಿತು. ಅದೇ ದಶಕದಲ್ಲಿ ದಕ್ಷಿಣ ಮರಾಠಾ ರೈಲುದಾರಿಯು ಈ ಸೀಮೆಗೆ ಬಂದು, ನೂಲನ್ನು ಪೇಟೆಗೆ ಸಾಗಿಸುವ ಅನುಕೂಲತೆಯೂ ಉಂಟಾಯಿತು. ಹೀಗೆ ಮುಂಬಯಿ ಇಲಾಖೆಯ ಸರ್ಕಾರವು ಹಣವನ್ನು ಕೈಗೆ ಕೊಡದೆ ನೀರು, ಒಡ್ಡು, ದಾರಿ ಎಂಬ ಮೂರು ಆಧಾರಗಳನ್ನು ಒದಗಿಸಿತೆಂದು ಹೇಳಬಹುದು. ಇದು ಕಟ್ಟುಕೊಡಗೆಯ ಜಾತಿಯ ಆಶ್ರಯ. ಆದರೆ ದಸವಂದದ ಮಿತಿಯು ಇಲ್ಲಿರಲಿಲ್ಲ. ಜಲಪಾತದಿಂದ ಹುಟ್ಟಿದ ಶಕ್ತಿಯೆಲ್ಲವೂ ಗಿರಣಿಯದಾಯಿತು. ಸುತ್ತಣ ಹಳ್ಳಿಗಳಿಗೆ ಬಂದುದು ಕೂಲಿ ಮಾತ್ರ. ಕೂಲಿಯೂ ಅಲ್ಪವಾದುದಲ್ಲ, ಆ ಸೀಮೆಯ ಸಾವಿರಾರು ಕುಟುಂಬಗಳು ಗಿರಣಿಯಿಂದ ಬದುಕಿದುವು. ಆದರೂ ಶಕ್ತಿಯ ಮೇಲೆ ನೆರೆಯ ಊರುಗಳಿಗೆ ಯಾವ ಹಕ್ಕೂ ಉಂಟಾಗಲಿಲ್ಲವೆಂಬುದನ್ನು ಮರೆಯಲಾಗದು.

ಇದೇ ಕಾಲದ ಇನ್ನೊಂದು ದೃಷ್ಟಾಂತವು ಆಶ್ರಯವಿಲ್ಲದಿದ್ದರೆ ಏನಾಗುವುದೆಂಬುದನ್ನು ತೋರಿಸುವುದು. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ತೆರೆದು, ಮುಂದೆ ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮುಂತಾದುವನ್ನು ಮಾಡಿ ಮಾರುತ್ತಿದ್ದರು. ಪುರಸಭೆಯ ಕಟ್ಟಳೆಗಳ ದೆಸೆಯಿಂದ ಅವರ ಕಾರ್ಖಾನೆಗೆ ಬೆಳಗಾವಿಯಲ್ಲಿ ನೆಲೆಯಿಲ್ಲದಂತಾದಾಗ, ಔಂಧ ಸಂಸ್ಥಾನದ ರಾಜರು ಭೂಮಿಯನ್ನೂ ಸಾಲವನ್ನೂ ಕೊಟ್ಟು ಕರೆಯಿಸಿಕೊಂಡರು. ೧೯೧೦ರಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಬೆಳಗಾವಿಯಲ್ಲಿ ಬೆಳೆಯಬೇಕಾಗಿದ್ದ ಯಂತ್ರೋದ್ಯಮವು ಒಂದು ಸಣ್ಣ ಸಂಸ್ಥಾನದ ಬೆಂಗಾಡಿನಲ್ಲಿ ಬೆಳೆಯಿತು. ಆಶ್ರಯದ ಬೆಲೆಯನ್ನು ಅರಿಯಲು ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಡ.

೪

ಎರಡನೆಯ ದೃಷ್ಟಾಂತವು ಮೈಸೂರು ಸಂಸ್ಥಾನದ ಶಿವನಸಮುದ್ರದ್ದು. ಇದು ಬೆಳಗಾವಿ ಸೀಮೆಯ ಹೊರಗಿನದಾದರೂ, ಹೋಲಿಕೆಗೆ ಇದನ್ನು ಬಿಟ್ಟರೆ ವಿಚಾರವು ಅಪೂರ್ಣವಾಗುವುದು. ಕಾವೇರಿಯ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಬೇಕೆಂಬ ಯೋಜನೆಯನ್ನು ಇಂಜಿನಿಯರ್ ಡಿ ಲಾಟ್‌ಬಿನಿಯೇರರು ರಚಿಸಿದರು; ದಿವಾನ್ ಶೇಷಾದ್ರಿ ಅಯ್ಯರವರು ಅದನ್ನು ಕೈಗೆತ್ತಿಕೊಂಡರು. ಅಯ್ಯರವರು ೧೯೦೧ರಲ್ಲಿ ತೀರಿಕೊಂಡರು. ೧೯೦೨ರ ಜೂನ್ ೩೦ರಂದು ಶಕ್ತಿಯು ಗಣಿಗಳಿಗೆ ಹರಿಯಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಉದಾಹರಣೆಗಳು ಆ ಕಾಲದಲ್ಲಿ ಪ್ರಪಂಚದಲ್ಲಿಯೇ ವಿರಳವಾಗಿದ್ದವು.

ಇಲ್ಲಿಯ ಆಶ್ರಯದ ರೀತಿಯು ಗೋಕಾವಿಯದರಿಂದ ತೀರ ಭಿನ್ನವಾದುದು. ಗೋಕಾವಿಯಲ್ಲಿ ಕಂಪನಿಯು ಶಕ್ತಿಯನ್ನು ಹುಟ್ಟಿಸಿಕೊಂಡಿತು. ಶಿವನಸಮುದ್ರದಲ್ಲಿ ಸಂಸ್ಥಾನವೇ ಬಂಡವಾಳವನ್ನು ಹೂಡಿ ಶಕ್ತಿಯನ್ನು ಹುಟ್ಟಿಸಿ ಕಂಪನಿಗಳಿಗೆ ಮಾರಿತು. ಮಾರುವುದಕ್ಕೆ ಮೊದಲೇ ಗಣಿಗಳ ವ್ಯವಸ್ಥಾಪಕರಾದ ಜಾನ್ ಟೇಲರ್ ಅಂಡ್ ಸನ್ಸ್ ಅವರ ಸಂಗಡ ಕರಾರನ್ನು ಮಾಡಿಕೊಂಡಿತ್ತು. ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯೂ, ವಿದ್ಯುದ್ಯಂತ್ರಗಳನ್ನು ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯೂ ಒದಗಿಸಿದುವು. ಕೊಳ್ಳುವವನು ಖಚಿತವಾಗಿದ್ದುದರಿಂದಲೇ ಸಂಸ್ಥಾನವು ಇಷ್ಟು ದೊಡ್ಡ ಸಾಹಸಕ್ಕೆ ಕೈಹಾಕಲು ಧೈರ್ಯಗೊಂಡಿತು. ಇಂದು ಗಾಳಿಯಂತ್ರಗಳನ್ನೂ ಸೌರಫಲಕಗಳನ್ನೂ ನಿಲ್ಲಿಸುವವರು ಬಹುವರ್ಷಗಳ ಖರೀದಿಯ ಕರಾರನ್ನು ಮೊದಲು ಕೇಳುವುದು ಇದೇ ಕಾರಣದಿಂದ.

ಶಿವನಸಮುದ್ರದ ಲಾಭವು ಗಣಿಗಳಲ್ಲಿಯೇ ನಿಲ್ಲಲಿಲ್ಲ. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ, ೧೯೦೮ರಲ್ಲಿ ಮೈಸೂರಿಗೆ ವಿದ್ಯುದ್ದೀಪಗಳು ಬಂದುವು. ಶಕ್ತಿಯನ್ನು ಮಾರಿ ಬಂದ ಆದಾಯವು ಸಂಸ್ಥಾನದ ಬೊಕ್ಕಸವನ್ನು ಸೇರಿತು. ಬೇಸಗೆಯಲ್ಲಿ ಕಾವೇರಿಯ ಹರಿವು ಕಡಮೆಯಾಗಿ ಗಣಿಗಳ ಕೆಲಸಕ್ಕೆ ಅಡ್ಡಿಯಾಗುತ್ತಿದ್ದುದೂ ೧೯೧೧ರಲ್ಲಿ ಕೃಷ್ಣರಾಜಸಾಗರದ ಕಟ್ಟಡವನ್ನು ಕೈಗೊಳ್ಳುವುದಕ್ಕೆ ಒಂದು ಕಾರಣವಾಯಿತು. ಹೀಗೆ ಶಕ್ತಿಗಾಗಿ ಆರಂಭವಾದ ಕೆಲಸವು ಮಂಡ್ಯದ ಬಯಲಿನ ನೀರಾವರಿಗೂ ಸಹಾಯವಾಯಿತು. ಪ್ರತಿಫಲವು ಸಾರ್ವಜನಿಕವಾಗಿ ಹಂಚಿಹೋಗುವಂತೆ ಆಶ್ರಯವನ್ನು ರಚಿಸಿದರೆ ಒಂದು ಉದ್ದಿಮೆಯಿಂದ ಇನ್ನೊಂದು ಹುಟ್ಟುವುದೆಂಬುದಕ್ಕೆ ಇದು ಉತ್ತಮ ನಿದರ್ಶನ. ಆದರೆ ಇಲ್ಲಿಯೂ ಒಂದು ಕೊರತೆಯನ್ನು ಕಾಣಬಹುದು. ಚಿನ್ನದ ಗಣಿಗೂ ರಾಜಧಾನಿಗೂ ಮೊದಲು ಬೆಳಕು ಹೋಯಿತು. ತಂತಿಯು ಹಾದುಹೋದ ದಾರಿಯ ಹಳ್ಳಿಗಳು ಕತ್ತಲೆಯಲ್ಲಿಯೇ ಉಳಿದುವು. ದೀಪದ ಕೆಳಗೆ ಕತ್ತಲೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಯಿತು.

ಈ ಕೊರತೆಯು ಮುಂದೆ ಇನ್ನೂ ಕಠಿನವಾದ ರೂಪವನ್ನು ತಾಳಿತು. ೧೯೪೮ರಲ್ಲಿ ಜೋಗದ ಕೇಂದ್ರವು ಉದ್ಘಾಟಿತವಾಗಿ, ೧೯೬೦ರ ದಶಕದಲ್ಲಿ ಲಿಂಗನಮಕ್ಕಿಯ ಜಲಾಶಯವು ತುಂಬಿದಾಗ, ನಾಡಿಗೆ ಬೆಳಕು ಕೊಡುವುದಕ್ಕಾಗಿ ಶರಾವತಿಯ ಕಣಿವೆಯ ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ಬಿಟ್ಟುಹೋದುವು. ಅವರಲ್ಲಿ ಅನೇಕರ ಸಂತತಿಯವರು ಭೂಮಿಯ ಹಕ್ಕುಪತ್ರಗಳಿಗಾಗಿ ಇಂದಿಗೂ ಅಲೆಯುತ್ತಿರುವರು. ಹೊಗೆಯಿಲ್ಲದ ಶಕ್ತಿಯು ಋಣವಿಲ್ಲದ ಶಕ್ತಿಯಲ್ಲವೆಂಬುದನ್ನು ಶರಾವತಿಯ ಚರಿತ್ರೆಯು ಕಲಿಸಿತು.

೫

ಮೂರನೆಯ ದೃಷ್ಟಾಂತವು ಗಾತ್ರದಲ್ಲಿ ಬಹಳ ಚಿಕ್ಕದು. ನಮ್ಮ ವಿಚಾರಕ್ಕೆ ಬಹಳ ಬೆಲೆಯುಳ್ಳದ್ದು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ನದಿಯ ಹೆಸರನ್ನೇ ಹೊತ್ತಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು ಧಾರವಾಡದಲ್ಲಿ ಮುಖ್ಯ ಕಚೇರಿಯನ್ನಿಟ್ಟುಕೊಂಡು ಧಾರವಾಡ ಬೆಳಗಾವಿ ಸೀಮೆಗಳ ರೈತರಿಗೆ ಸಾಲ ಕೊಡುತ್ತಿತ್ತು. ೧೯೯೫ರಲ್ಲಿ ಹರೀಶ ಹಂದೆಯವರೂ ನೆವಿಲ್ ವಿಲಿಯಮ್ಸರೂ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ತಂತಿಯಿಲ್ಲದ ಮನೆಗಳಿಗೆ ಸೌರದೀಪಗಳನ್ನು ಮಾರತೊಡಗಿದರು. ಫಲಕ, ಬ್ಯಾಟರಿ, ದೀಪಗಳ ಬೆಲೆಯನ್ನು ಒಮ್ಮೆಗೇ ಕೊಡುವ ಶಕ್ತಿಯು ಬಡವರಿಗಿರಲಿಲ್ಲ. ಸೀಮೆಎಣ್ಣೆಗೆ ಅವರು ತಿಂಗಳು ತಿಂಗಳೂ ಸುರಿಯುತ್ತಿದ್ದ ಹಣವನ್ನು ಕೂಡಿಸಿದರೆ ಮಾತ್ರ ಆ ಬೆಲೆಯು ಕೆಲವು ವರ್ಷಗಳಲ್ಲಿ ತೀರುತ್ತಿತ್ತು. ಆದುದರಿಂದ ಬೇಕಾಗಿದ್ದುದು ದಾನವಲ್ಲ, ಸಾಲ. ಸೌರದೀಪಕ್ಕೆ ಹೀಗೆ ಸಾಲ ಕೊಡಲು ಮುಂದೆಬಂದ ಮೊದಮೊದಲಿನ ಬ್ಯಾಂಕುಗಳಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕು ಒಂದು.

ಬ್ಯಾಂಕಿನವರಿಗೆ ಇದು ಸುಲಭವಾದ ಕೆಲಸವಾಗಿರಲಿಲ್ಲ. ಎಮ್ಮೆಗೆ ಸಾಲ ಕೊಟ್ಟರೆ ಹಾಲಿನಿಂದ ತೀರುವುದು. ಬಾವಿಗೆ ಕೊಟ್ಟರೆ ಬೆಳೆಯಿಂದ ತೀರುವುದು. ದೀಪಕ್ಕೆ ಕೊಟ್ಟರೆ ಯಾವುದರಿಂದ ತೀರುವುದು ಎಂಬುದು ನ್ಯಾಯವಾದ ಪ್ರಶ್ನೆಯೇ. ದೀಪದ ಬೆಳಕಿನಲ್ಲಿ ನೇಯ್ಗೆ, ಹೊಲಿಗೆ, ಅಂಗಡಿಯ ವ್ಯಾಪಾರಗಳು ರಾತ್ರಿ ಎರಡು ತಾಸು ಹೆಚ್ಚಾಗಿ ನಡೆದು ಆ ಪ್ರಶ್ನೆಗೆ ಉತ್ತರವು ದೊರೆಯಿತು. ಸಾಲದ ಕಂತನ್ನು ಬಡವನ ಗಳಿಕೆಯ ಗತಿಗೆ ಹೊಂದಿಸಬೇಕೆಂಬುದು ಈ ಕೆಲಸದಲ್ಲಿ ಕಲಿತ ಮುಖ್ಯ ಪಾಠ. ದಿನಗೂಲಿಯಿಂದ ಬಾಳುವವನಿಗೆ ತಿಂಗಳ ಕೊನೆಯಲ್ಲಿ ಮುನ್ನೂರು ರೂಪಾಯಿ ಹೊರೆ. ದಿನಕ್ಕೆ ಹತ್ತು ರೂಪಾಯಿ ಹೊರೆಯಲ್ಲ. ಗಣಿತದಲ್ಲಿ ಎರಡೂ ಒಂದೇ, ಬದುಕಿನಲ್ಲಿ ಬೇರೆ. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ದೊರೆತುದು ಈ ದುಡಿಮೆಗಾಗಿ.

೨೦೦೩ರಲ್ಲಿ ಸಂಯುಕ್ತ ರಾಷ್ಟ್ರಗಳ ಪರಿಸರ ಕಾರ್ಯಕ್ರಮದವರು ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಸೌರದೀಪಗಳ ಸಾಲಕ್ಕೆ ಬಡ್ಡಿಯ ಸಹಾಯವನ್ನು ಆರಂಭಿಸಿದರು. ಸುಮಾರು ನೂರಕ್ಕೆ ಹನ್ನೆರಡರಷ್ಟಿದ್ದ ಬಡ್ಡಿಯು ಐದಕ್ಕಿಳಿಯಿತು. ಮುಂದೆ ಈ ಸಹಾಯವನ್ನು ಹಂತಹಂತವಾಗಿ ಕಡಮೆಮಾಡಿ ತೆಗೆದುಹಾಕಿದರು. ಸಹಾಯವು ನಿಂತ ಮೇಲೂ ಬ್ಯಾಂಕುಗಳು ಸಾಲವನ್ನು ಕೊಡುತ್ತ ಹೋದುವು. ಏಕೆಂದರೆ ಅಷ್ಟರೊಳಗೆ ಬ್ಯಾಂಕಿನವನ ಸಂಶಯವು ಹೋಗಿತ್ತು, ಕೊಳ್ಳುವವನ ವಾಡಿಕೆಯು ಬಂದಿತ್ತು. ಆಶ್ರಯವು ಊರುಗೋಲಿನಂತಿರಬೇಕು, ಕಾಲು ಬಲಿತ ಮೇಲೆ ಅದನ್ನು ಬಿಡಿಸಬೇಕು. ಈ ಕ್ರಮವು ಗೋಕಾವಿಯಲ್ಲಿಯೂ ಇರಲಿಲ್ಲ, ಶಿವನಸಮುದ್ರದಲ್ಲಿಯೂ ಇರಲಿಲ್ಲ.

ಮಲಪ್ರಭಾ ಗ್ರಾಮೀಣ ಬ್ಯಾಂಕು ೨೦೦೫ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿಯೂ, ಅದು ೨೦೨೫ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿಯೂ ಸೇರಿಹೋಯಿತು. ನದಿಯ ಹೆಸರು ಬ್ಯಾಂಕಿನ ಫಲಕದಿಂದ ಅಳಿಯಿತು. ಇಂತಹ ಚಿಕ್ಕ ಬ್ಯಾಂಕಿನ ಶಾಖೆಗಳಲ್ಲಿ ನಡೆದ ಕೆಲಸವು ದೊಡ್ಡ ಅಣೆಕಟ್ಟುಗಳ ಚರಿತ್ರೆಯಷ್ಟೇ ಬರೆದಿಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

೬

ಈಗ ಖಾನಾಪುರದ ಕಡೆಗೆ ತಿರುಗುವ. ಮಹದಾಯಿ ಜಲವಿವಾದದ ನ್ಯಾಯಮಂಡಳಿಯು ೨೦೧೮ರ ಆಗಸ್ಟ್ ೧೪ರಂದು ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ ೧೩.೪೨ ಟಿಎಂಸಿ ನೀರು ದೊರೆಯಿತು. ಕಳಸಾ ನಾಲೆಗೆ ೧.೭೨, ಬಂಡೂರಿ ನಾಲೆಗೆ ೨.೧೮ ಟಿಎಂಸಿ ಎಂಬ ಅಂಕೆಗಳು ಮಲಪ್ರಭೆಯ ಪಾತ್ರದ ಪ್ರತಿಯೊಬ್ಬ ರೈತನ ಬಾಯಲ್ಲಿವೆ. ಆದರೆ ಒಟ್ಟು ಪಾಲಿನ ದೊಡ್ಡ ಭಾಗವಾದ ೮.೦೨ ಟಿಎಂಸಿಯು ಕುಡಿಯುವುದಕ್ಕೂ ಅಲ್ಲ, ಬೆಳೆಗೂ ಅಲ್ಲ, ಜಲವಿದ್ಯುತ್ತಿಗಾಗಿ ಎಂಬುದನ್ನು ಗಮನಿಸಿದವರು ಕಡಮೆ. ಈ ನೀರು ಟರ್ಬೈನುಗಳನ್ನು ತಿರುಗಿಸಿ ಮತ್ತೆ ನದಿಗೆ ಸೇರತಕ್ಕದ್ದು. ತೀರ್ಪನ್ನು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿವೆ. ವಿವಾದದ ಗುಣದೋಷಗಳು ಈ ಲೇಖನದ ವಿಷಯವಲ್ಲ. ಇಲ್ಲಿ ಹೇಳಬೇಕಾದುದು ಇಷ್ಟೆ: ಈ ಶಕ್ತಿಯು ಹುಟ್ಟುವುದಾದರೆ ಅದು ಹುಟ್ಟುವುದು ೨೦೧೧ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಕಾಡುಗಳ ನೆರೆಯಲ್ಲಿ. ಆಮಗಾಂವ್, ಗವಾಳಿ, ಕೃಷ್ಣಾಪುರದಂತಹ ಕಾಡಿನ ಊರುಗಳಲ್ಲಿ ಮಳೆಗಾಲವೆಂದರೆ ದಾರಿಯೇ ಕಡಿದುಹೋಗುವ ಕಾಲ. ನಾಡಿಗೆ ನೀರನ್ನು ಕೊಡುವ ಊರುಗಳಿಗೆ ಬೆಳಕನ್ನು ತಲಪಿಸುವುದು ಕಷ್ಟ, ಅಲ್ಲಿಂದ ಶಕ್ತಿಯನ್ನು ಹೊರಗೆ ಒಯ್ಯುವುದು ಮಾತ್ರ ಸುಲಭ ಎಂಬ ಸ್ಥಿತಿಯು ಬಂದರೆ ಶಿವನಸಮುದ್ರದ ಕೊರತೆಯೂ ಶರಾವತಿಯ ಋಣವೂ ಇಲ್ಲಿ ಮರುಕಳಿಸಿದಂತಾಗುವುದು.

ಮಲಪ್ರಭೆಯ ಕೆಳಪಾತ್ರದಲ್ಲಿ ಇನ್ನೊಂದು ಹೊಸ ಬಗೆಯ ಯೋಜನೆಯನ್ನು ಹಮ್ಮಿಕೊಳ್ಳಲಾಗಿದೆ. ಸವದತ್ತಿಯ ನವಿಲುತೀರ್ಥದ ಜಲಾಶಯದಿಂದ ನೀರನ್ನು ಗುಡ್ಡದ ಮೇಲಣ ಕೊಳಕ್ಕೆ ಏರಿಸಿ, ಬೇಕಾದಾಗ ಕೆಳಕ್ಕೆ ಬಿಟ್ಟು ಶಕ್ತಿಯನ್ನು ಪಡೆಯುವುದು ಇದರ ಕ್ರಮ. ಬಿಸಿಲೂ ಗಾಳಿಯೂ ಹೇರಳವಾಗಿರುವ ಹೊತ್ತಿನಲ್ಲಿ ಮಿಕ್ಕ ಶಕ್ತಿಯಿಂದ ನೀರನ್ನೇರಿಸಿ, ಹೊತ್ತು ಮುಳುಗಿದ ಮೇಲೆ ಇಳಿಸುವುದರಿಂದ ಗುಡ್ಡವೇ ಶಕ್ತಿಯ ಕಣಜವಾಗುವುದು. ಬೇಸಗೆಯಲ್ಲಿ ನದಿ ಸೊರಗುವುದೆಂಬ ಗೋಕಾವಿಯ ಹಳೆಯ ತೊಂದರೆಗೆ ಧೂಪದಾಳದ ಒಡ್ಡು ಹೇಗೋ, ಇರುಳಿನಲ್ಲಿ ಬಿಸಿಲಿಲ್ಲವೆಂಬ ಈಗಿನ ತೊಂದರೆಗೆ ಈ ಕೊಳವು ಹಾಗೆ. ಸಮಸ್ಯೆಯು ನೂರು ವರ್ಷಗಳಲ್ಲಿ ರೂಪವನ್ನು ಬದಲಾಯಿಸಿದೆ, ಜಾತಿಯನ್ನು ಬದಲಾಯಿಸಿಲ್ಲ.

ಖಾನಾಪುರವು ಮಣ್ಣಿನ ಕೆಲಸಕ್ಕೂ ಹೆಸರಾದ ಊರು. ಇಲ್ಲಿಯ ಹೆಂಚು ಮಡಕೆಗಳ ಖ್ಯಾತಿಯಿಂದಲೇ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣಸಂಸ್ಥೆಯು ಇಲ್ಲಿ ನೆಲೆಗೊಂಡಿತು. ಆವಿಗೆಗೆ ಬೆಂಕಿ ಬೇಕು. ಬೆಂಕಿಗೆ ಕಟ್ಟಿಗೆ ಬೇಕು. ಕಟ್ಟಿಗೆಗೆ ಕಾಡು ಬೇಕು. ಆ ಕಾಡಿದ್ದರೆ ಮಾತ್ರ ಮಲಪ್ರಭೆಯಲ್ಲಿ ನೀರು. ಈ ಸರಪಣಿಯ ಒಂದು ಕೊಂಡಿಯನ್ನು ಹಗುರಮಾಡಿದರೂ ನಾಲ್ಕೂ ಉಳಿಯುವುವು. ಕುಂಬಾರನ ಚಕ್ರಕ್ಕೆ ಸೌರಶಕ್ತಿಯನ್ನೂ, ಅವನ ಆವಿಗೆಗೆ ಕಡಮೆ ಉರುವಲನ್ನು ಬೇಡುವ ರಚನೆಯನ್ನೂ ಸಾಲದ ಮೇಲೆ ಒದಗಿಸುವುದು ದೊಡ್ಡ ಅಣೆಕಟ್ಟಿನಷ್ಟು ಕಣ್ಣಿಗೆ ಕಾಣುವ ಕೆಲಸವಲ್ಲ. ಆದರೆ ಮಲಪ್ರಭಾ ಬ್ಯಾಂಕಿನ ದೃಷ್ಟಾಂತವನ್ನು ಬಲ್ಲವರು ಅದನ್ನು ಅಲ್ಪವೆನ್ನಲಾರರು.

೭

ಇಷ್ಟರಿಂದ ತಿಳಿದುಬರುವುದೇನೆಂದರೆ: ನ್ಯಾಯವಾದ ಆಶ್ರಯಕ್ಕೆ ನಾಲ್ಕು ಲಕ್ಷಣಗಳಿರಬೇಕು. ಗೋಕಾವಿಯಂತೆ ಉದ್ದಿಮೆಗೆ ಆಧಾರಗಳು ದೊರೆಯಬೇಕು. ಶಿವನಸಮುದ್ರದಂತೆ ಕೊಳ್ಳುವವನು ಖಚಿತವಾಗಿದ್ದು ಲಾಭವು ಸಾರ್ವಜನಿಕವಾಗಬೇಕು. ಸೌರದೀಪದ ಸಾಲದಂತೆ ಸಹಾಯವು ಚಿಕ್ಕವನಿಗೂ ಮುಟ್ಟಿ, ಕಾಲ ಬಂದಾಗ ನಿಲ್ಲಬೇಕು. ನಾಲ್ಕನೆಯದು ಈ ಮೂರರಲ್ಲಿಯೂ ಪೂರ್ಣವಾಗಿ ಕಾಣದಿರುವಂಥದು, ನಮ್ಮ ಶಾಸನಗಳಲ್ಲಿ ಮಾತ್ರ ಕಾಣುವಂಥದು: ಕಟ್ಟಿಸಿದವನ ಪಾಲು ಇಂತಿಷ್ಟೆಂದೂ, ಕೆರೆಯ ಊರಿನ ಪಾಲು ಇಂತಿಷ್ಟೆಂದೂ, ಕೆರೆಯ ರಕ್ಷಣೆಯ ಪಾಲು ಇಂತಿಷ್ಟೆಂದೂ ಮೊದಲೇ ಕಲ್ಲಿನಲ್ಲಿ ಕೊರೆದಿಡುವುದು. ಜಲವಿದ್ಯುತ್ತಿನ ಕರಾರುಗಳಲ್ಲಿಯೂ, ಗಾಳಿಯಂತ್ರ ಸೌರಕ್ಷೇತ್ರಗಳ ಕರಾರುಗಳಲ್ಲಿಯೂ ಬಿತ್ತುವಟ್ಟಕ್ಕೆ ಸಮಾನವಾದ ಒಂದು ಪಾಲನ್ನು ನದೀಮೂಲದ ಕಾಡಿಗೂ ಅಲ್ಲಿಯ ಊರುಗಳಿಗೂ ತೆಗೆದಿಡುವುದು ಅಸಾಧ್ಯವಾದುದೇನೂ ಅಲ್ಲ. ಪಾವಗಡದ ೨೦೫೦ ಮೆಗಾವಾಟಿನ ಸೌರಕ್ಷೇತ್ರಕ್ಕಾಗಿ ರೈತರ ಭೂಮಿಯನ್ನು ಕೊಳ್ಳದೆ ವರ್ಷವರ್ಷದ ಗೇಣಿಯ ಮೇಲೆ ಪಡೆದುದು ಈ ದಿಕ್ಕಿನಲ್ಲಿ ಇಟ್ಟ ಒಂದು ಹೆಜ್ಜೆ. ಅಲ್ಲಿಯೂ ಭೂಮಿಯಿಲ್ಲದ ಕೂಲಿಕಾರನ ಪಾಲು ಯಾವುದೆಂಬ ಪ್ರಶ್ನೆಯು ಉಳಿದೇ ಇದೆ.

ಹಲಸಿಯ ತಾಮ್ರಪಟಗಳನ್ನು ನಾವು ಲಿಪಿಗಾಗಿಯೂ ವಂಶಾವಳಿಗಾಗಿಯೂ ಓದುವೆವು. ಅವುಗಳನ್ನು ಬರೆಯಿಸಿದವರು ಕೊಟ್ಟುದನ್ನು ಮಾತ್ರವಲ್ಲದೆ, ಕೊಟ್ಟುದರ ಎಲ್ಲೆಯನ್ನೂ, ಅದನ್ನು ಕಾಪಾಡಬೇಕಾದವರ ಹೊಣೆಯನ್ನೂ ಬರೆಯಿಸಿದರು. ಶಕ್ತಿಯ ಉದ್ದಿಮೆಗಳಿಗೆ ಆಶ್ರಯ ಕೊಡುವ ಇಂದಿನ ರಾಜ್ಯವು ಈ ಎರಡನೆಯ ಭಾಗವನ್ನು ಮರೆಯದಿದ್ದರೆ, ಖಾನಾಪುರದ ನೀರು ನಾಡನ್ನು ಬೆಳಗುವುದರ ಜತೆಗೆ ಖಾನಾಪುರವನ್ನೂ ಬೆಳಗುವುದು.